ಅಂಚು ಸುಟ್ಟ ರೊಟ್ಟಿ

"ಮೆಟ್ಟಿಲಾ ಹತ್ತಬ್ಯಾಡಲೇ ಭೋಸಡಿ ಮಗನ! ಅಲ್ಲೇ ನಿಂದ್ರು!"

ನರಸಿಂಗನ ಒಂದು ಕಾಲು ಆಗಲೇ ಕಲ್ಲಿನ ಮೇಲಿತ್ತು. ಇಳಿಸಿದ. ಬೀದರಿನ ಗಾಂಧಿ ಗಂಜ್ ಪೇಟೆಯಲ್ಲಿ ಕಾಳು ಮಾರಿಸಿಕೊಡುವ ಹೊಸ ಅಡತಿ ಅಂಗಡಿಯ ಗಾದಿ ಮೇಲೆ ಕುಳಿತು ಹಾಗೆ ಒದರಿದವನು ವೈಜಿನಾಥ. ಎರಡು ವರ್ಷ ಶಾರ್ಜಾದ ಒಂದೇ ಖೋಲಿಯಲ್ಲಿ, ಮಾಳಿಗೆ ಮಂಚದ ಮೇಲಿನ ಹಾಸಿಗೆಯಲ್ಲಿ ಅವನು, ಕೆಳಗಿನದರಲ್ಲಿ ನರಸಿಂಗ ಮಲಗಿದ್ದರು. ಅಲ್ಲಿ ನರಸಿಂಗನನ್ನು ಒಡಹುಟ್ಟಿದವನಂತೆ 'ಭಾವು, ಭಾವು' ಎಂದು ಕರೆದದ್ದು ಇದೇ ಬಾಯಿ.

"ಅವ್ವ ಮಡೀಲಿ ಕುಂತಾಳ, ಕಾಣ್ಸಂಗಿಲ್ಲ? ಏನದ ಅಲ್ಲಿಂದ್ಲೇ ಬೊಗಳು."

"ನಂದು ಖೋಲಿ ಡಿಪಾಜಿಟ್ ಭಾವು..."

"ಯಾರಲೇ ನಿನ್ನ ಭಾವು?"

ನರಸಿಂಗ ಕೈ ಜೋಡಿಸಿದ. "ನಂದು ಡಿಪಾಜಿಟ್, ಸಾವಕಾರ್ರ."

ಗಾದಿಯ ಮೂಲೆಯಲ್ಲಿ ಜಪಮಣಿ ಎಣಿಸುತ್ತಿದ್ದ ಕೌಸಲ್ಯಾಬಾಯಿ ಮಗನ ಸಿಟ್ಟು ನೋಡಿ ಎದ್ದು ಬಂದಳು. "ಬಿಸಲಾಗ ಬಂದಾನ, ನೀರರೆ ಕುಡೀಲಿ" ಎಂದಳು. ಮೆಟ್ಟಿಲ ಮೇಲೆ ನಿಂತು ತಂಬಿಗೆಯನ್ನು ಎತ್ತರಕ್ಕೆ ಹಿಡಿದಳು. ನರಸಿಂಗ ಬಗ್ಗಿ ಬೊಗಸೆ ಒಡ್ಡಿದ. ಅರ್ಧ ನೀರು ಮೊಣಕೈಗುಂಟ ಇಳಿದು ಮಣ್ಣಿಗೆ ಹೋಯಿತು. ಮಾಂಜ್ರಾ ಹೊಳೆ ಮೂರನೆಯ ವರ್ಷವೂ ಬರೀ ಮರಳಾಗಿದ್ದ ಕಾಲ ಅದು. ಚೆಲ್ಲಿದ ನೀರನ್ನೇ ನರಸಿಂಗನ ಹೆಂಡತಿ ಕಾಂತಾಬಾಯಿ ದೂರದಿಂದ ನೋಡಿದಳು.

ಆಕೆ ಬೇವಿನ ನೆರಳಲ್ಲಿ ಗಂಟು ಹಿಡಿದು ಕೂತಿದ್ದಳು. ಗಂಟಿನಲ್ಲಿ ಆರು ತಿಂಗಳ ಸಂಸಾರ: ಹಂಚು, ರೊಟ್ಟಿ ಬಡಿಯುವ ಪರಾತ, ಜೋಳದ ಹಿಟ್ಟು, ಕಬ್ಬು ಕಡಿಯುವ ಎರಡು ಕೊಯ್ತಾ. ಗಂಜಿನ ಗೇಟಿನ ಆಚೆ ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಪಂಢರಿಯ ಲಾರಿ ನಿಂತಿತ್ತು. ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಔರಾದದ ಹನ್ನೆರಡು ಜೋಡಿಗಳನ್ನು ಅದರಲ್ಲಿ ತುಂಬಿದ್ದರು. ಮುಂಗಡ ತಿಂದ ಗಂಡ-ಹೆಂಡತಿಯನ್ನು ಸೇರಿಸಿ 'ಒಂದು ಕೊಯ್ತಾ' ಎಂದೇ ಲೆಕ್ಕ. ಅವರ ಮಗಳು ಕೇಶರ ಲಾರಿಯ ಹಲಗೆಗೆ ಒರಗಿ ಹತ್ತನೆಯ ಇಯತ್ತೆಯ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ತೆರೆದಿರಲಿಲ್ಲ.

"ಕಡೀ ಹಾರ್ನ್ ಹೊಡಿಯೂದ್ರೊಳಗ ನನ್ನ ಮುಂಗಡ ನನ್ನ ಕೈಯಾಗ ಇಟ್ಟೆಂದ್ರ ಮೂರೂ ಮಂದಿ ಇಳಕೋರಿ" ಎಂದು ನರಸಿಂಗನಿಗೆ ಹೇಳಿದ್ದ ಪಂಢರಿ. "ಇಲ್ಲಂದ್ರ ಪರೀಕ್ಷಾ ಕಬ್ಬಿನ್ಯಾಗೇ ಬರೀಬೇಕು ನಿನ್ನ ಮಗಳು."

ಶಾರ್ಜಾದಲ್ಲಿ ಪರದೇಶದ ಕೂಲಿಯವನಿಗೆ ಖೋಲಿ ಕೊಡುವವರಿರಲಿಲ್ಲ. ಕಂಪನಿಯಲ್ಲಿ ಕಾರಕೂನನಾಗಿದ್ದ ವೈಜಿನಾಥನ ಹೆಸರಿಗೆ ಮಾತ್ರ ಬಾಡಿಗೆ ಕಾಗದ ಆಯಿತು. ಆರು ಮಂದಿ ಡಿಪಾಜಿಟ್ಟಿಗೆಂದು ತಲೆಗೆ ಒಂದೂವರೆ ಸಾವಿರ ದಿರ್ಹಮು ಅವನ ಕೈಗೆ ಹಾಕಿದರು. ನರಸಿಂಗನ ಪಾಲಿಗೆ ಊರಲ್ಲಿ ಕಾಂತಾಬಾಯಿಯ ಬೆಳ್ಳಿ ಕಡಗ ಮಾರಾಟಕ್ಕೆ ಹೋಗಿತ್ತು. ಚೀಟಿ ಬರೆಸಿಕೋ ಎಂದು ಅದೇ ಖೋಲಿಯಲ್ಲಿದ್ದ ಬೀದರಿನ ಯುನುಸ ಹೇಳಿದ್ದ. ನರಸಿಂಗ ನಕ್ಕಿದ್ದ. ನಮ್ಮ ಜಿಲ್ಲೆಯವನು, ನನ್ನ ಕೈಯ ರೊಟ್ಟಿಯನ್ನು ನನ್ನ ಪರಾತದಲ್ಲೇ ಮುರಿದು ತಿನ್ನುವವನು, ಅವನ ಹತ್ತಿರ ಎಂಥ ಚೀಟಿ? ಕಂಪನಿ ಮುಚ್ಚಿತು. ಎಲ್ಲರನ್ನೂ ವಿಮಾನ ಹತ್ತಿಸಿ, ಕೀಲಿ ಕೊಟ್ಟು ಡಿಪಾಜಿಟ್ ತರುತ್ತೇನೆಂದು ವೈಜಿನಾಥ ಎಂಟು ದಿನ ಹಿಂದೆ ಉಳಿದ. ಆಮೇಲೆ ಎಂಟು ತಿಂಗಳು ನರಸಿಂಗ ಈ ಮೆಟ್ಟಿಲಿಗೆ ಅಲೆದ.

"ಎಷ್ಟು ಸಲ ಹೇಳಬೇಕು? ಖೋಲಿ ಮಾಲಕ ಅರಬ ನುಂಗ್ಯಾನ. ಹೋಗಿ ಅವನಿಗಿ ಕೇಳು" ಎಂದ ವೈಜಿನಾಥ.

ನರಸಿಂಗ ಮೊಬೈಲು ತೆಗೆದ. "ಯುನುಸ ಮತ್ತ ಶಾರ್ಜಾಕ್ಕ ಹೋಗ್ಯಾನ್ರಿ, ಅಲ್ಲಿಂದ ಫೋಟೋ ಕಳಿಸ್ಯಾನ. ಮಾಲಕರ ಆಫೀಸಿನ ರಸೀದಿ. ರೊಕ್ಕ ಮುಟ್ಟ್ಯಾದ ಅಂತ ನಿಮ್ಮ ಸಹಿ ಅದ ಇದರಾಗ."

ಕಾಳಿನ ದರ ಕೇಳುತ್ತ ನಿಂತಿದ್ದ ಇಬ್ಬರು ಗಿರಾಕಿಗಳು ಇತ್ತ ತಿರುಗಿದರು. ಚೀಲ ಹೊತ್ತು ಹೊರಟಿದ್ದ ಮುಪ್ಪಿನ ಹಮಾಲ ಉಸ್ಮಾನ ಮಿಯಾ ಚೀಲದ ಸಮೇತ ನಿಂತುಬಿಟ್ಟ.

ವೈಜಿನಾಥನ ಮುಖ ಒಂದು ಗಳಿಗೆ ಕಪ್ಪಿಟ್ಟಿತು, ಮತ್ತೆ ಕೆಂಪೇರಿತು. "ಹೌದಲೇ, ಕೊಟ್ಟಾರ. ಕಟ್ ಮಾಡಿ ಕೊಟ್ಟಾರ! ದಿನಾ ಖೋಲಿಯಾಗ ರೊಟ್ಟಿ ಸುಟ್ಟು ಸುಟ್ಟು ಗ್ವಾಡಿ ಕರ್ರಗ ಮಾಡಿದ್ದಿ. ಬಣ್ಣಕ್ಕ ನಿನ್ನ ಪಾಲು ಪೂರಾ ಹೋತು."

"ಆ ರೊಟ್ಟಿ ಯಾರ್ ತಿಂದಾರ್ರಿ?"

ಗಾದಿಗೆ ಮರಳಿ ಜಪಕ್ಕೆ ಕುಳಿತಿದ್ದ ಕೌಸಲ್ಯಾಬಾಯಿಯ ಬೆರಳು ಒಂದು ಮಣಿಯ ಮೇಲೆ ನಿಂತಿತು.

"ನಾ ಯಾಕ ತಿಂತೇನಿ ನಿನ್ನ ಕೈ ರೊಟ್ಟಿ? ಹೊಲಸು ಮಗನ! ನಾ ಹೊಟೇಲಿನ್ಯಾಗ ಉಣ್ತಿದ್ದೆ. ನಡಿ ಇಲ್ಲಿಂದ!"

ಅಷ್ಟರಲ್ಲಿ ಮನೆಯಿಂದ ಬುತ್ತಿ ಬಂತು. ಕೋಪದಲ್ಲೇ ಡಬ್ಬಿ ಬಿಚ್ಚಿದ ವೈಜಿನಾಥ ರೊಟ್ಟಿಯನ್ನು ತಿರುವಿ ನೋಡಿ ಬದಿಗೆ ಸರಿಸಿದ. ತಾಯಿ ಗಿರಾಕಿಗಳ ಎದುರು ಮಗನ ಮರ್ಯಾದೆ ಮುಚ್ಚಲೆಂಬಂತೆ ನಕ್ಕಳು. "ಪರದೇಶದ ಹೊಟೇಲು ರುಚಿ ಕೆಡಿಸ್ಯಾದ ನೋಡ್ರಿ ಇವ್ನಿಗಿ. ಅಂಚು ಸುಟ್ಟಿರಬೇಕಂತ, ನಡುವ ಶೇಂಗಾ ಹಿಂಡಿ ಖಾರ ಇಟ್ಟು ನಾಕು ಮಡಿಕಿ ಮಾಡಿರಬೇಕಂತ. ನಮ್ಮ ಸೊಸಿಗಿ ಒಂದಿನಾನೂ ಸಾಧಿಸಿಲ್ಲ."

ನರಸಿಂಗ ಆಕೆಯ ಮುಖ ನೋಡಿದ. ತಿರುಗಿ ಬೇವಿನ ಕಡೆ ನಡೆದ.

"ಕೊಡ್ತಾನಂತ?" ಕಾಂತಾಬಾಯಿ ಕೇಳಿದಳು.

"ಗಂಟು ಬಿಚ್ಚು."

"ಲಾರಿ ಹೊಂಡ್ಲತ್ತದ, ನಿನಗ ಹುಚ್ಚು ಹಿಡದಾದ?"

"ಹಂಚು ತೆಗಿ ಅಂದೆ."

ಹಮಾಲರು ಮಧ್ಯಾಹ್ನ ಅಡುಗೆ ಮಾಡುವ ಮೂರು ಕಲ್ಲು ಅಲ್ಲೇ ಬಿದ್ದಿದ್ದವು. ನರಸಿಂಗ ಒಂದೊಂದಾಗಿ ಹೊತ್ತು ತಂದು ಅಂಗಡಿಯ ಮೆಟ್ಟಿಲಿಗೆ ಮಾರು ದೂರದಲ್ಲಿ ಇಟ್ಟ. ಉಸ್ಮಾನ ಮಿಯಾ ಚೀಲ ಇಳಿಸಿ, ಮುರಿದ ಪೆಟ್ಟಿಗೆಯ ಹಲಗೆ ತಂದು ಒಲೆಗೆ ಒಟ್ಟಿದ. "ಜಲಾವ್ ಬೇಟಾ. ಸಡಕ್ ಯಾರಪ್ಪಂದೂ ಅಲ್ಲ."

"ಏ ಮುದುಕಾ! ನಾಳಿಂದ ನಿನಗ ಹಮಾಲಿ ಇಲ್ಲ ನೋಡು!"

"ಬ್ಯಾರೆ ಅಂಗಡಿ ಅದಾವ್ರಿ ಸಾಬ್" ಎಂದ ಉಸ್ಮಾನ ಮಿಯಾ, ಒಲೆ ಊದುತ್ತ.

ನರಸಿಂಗ ಹಿಟ್ಟು ನಾದಿದ. ಪರಾತದಲ್ಲಿ ಬಡಿಯತೊಡಗಿದ. ಅವನ ತಾಯಿ ಬೀಸುವಾಗ ಹೇಳುತ್ತಿದ್ದ ಪದಗಳ ಓಟ ಅವನ ಅಂಗೈಯಲ್ಲಿ ಕೂತಿತ್ತು. ಸುತ್ತು ತಿರುಗುವಾಗ ಎರಡು ತಟ್ಟು, ಅಂಚಿಗೆ ಒಂದು. ತಟ್ಟಿನ ಸದ್ದಿಗೆ ಗಂಜಿನ ತಕ್ಕಡಿಗಳು ಒಂದೊಂದೇ ನಿಂತವು. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಅದನ್ನು ತೆಗೆದು ನೇರ ಕೆಂಡದ ಅಂಚಿಗೆ ನಿಲ್ಲಿಸಿ, ಚಕ್ಕಡಿಯ ಗಾಲಿಯಂತೆ ಉರುಳಿಸಿದ. ಅಂಚು ಕಪ್ಪಾಯಿತು.

ಲಾರಿ ಮೊದಲ ಹಾರ್ನ್ ಹೊಡೆಯಿತು. ಕಾಂತಾಬಾಯಿ ಗೇಟಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಗಂಟಿನ ತಳದಿಂದ ಶೇಂಗಾ ಹಿಂಡಿಯ ಡಬ್ಬಿ ತೆಗೆದು ಅವನ ಮುಂದೆ ಇಟ್ಟಳು.

ಅವನು ರೊಟ್ಟಿಯ ನಡುವೆ ಹಿಂಡಿ ಇಟ್ಟು ನಾಲ್ಕು ಮಡಿಕೆ ಮಾಡಿದ. ಎದ್ದು ಹೋಗಿ ಪರಾತವನ್ನು ಮೆಟ್ಟಿಲ ಮೇಲೆ, ಮೊದಲು ತನ್ನ ಕಾಲು ಇದ್ದ ಕಲ್ಲಿನ ಮೇಲೆಯೇ ಇಟ್ಟ. ಶಾರ್ಜಾದಲ್ಲಿ ಪಾಳಿ ಮುಗಿಸಿ ಬಂದು ಮಲಗಿದವರನ್ನು ಊಟಕ್ಕೆ ಎಬ್ಬಿಸುತ್ತಿದ್ದಂತೆ ಪರಾತದ ಅಂಚಿಗೆ ಬೆರಳ ಗೆಣ್ಣಿನಿಂದ ಮೂರು ಸಲ ಬಡಿದ.

"ವೈಜಾ ಭಾವು, ಆರ್ತದ. ಏಳು, ಉಣ್ಣು."

ಮೂರು ಬಡಿತಕ್ಕೆ ವೈಜಿನಾಥನ ಕಾಲು ತಾನಾಗಿ ಗಾದಿಯಿಂದ ಕೆಳಗೆ ಇಳಿದಿತ್ತು.

ಕೌಸಲ್ಯಾಬಾಯಿ ಆ ಕಾಲನ್ನು ನೋಡಿದಳು. ಸುಟ್ಟ ಅಂಚನ್ನು ನೋಡಿದಳು. ನಾಲ್ಕು ಮಡಿಕೆಯನ್ನು ನೋಡಿದಳು. "ವೈಜಾ," ಎಂದಳು, "ಯಾವ ಹೊಟೇಲಪ್ಪ ಅದು?"

ಗೇಟಿನ ಆಚೆ ಲಾರಿ ಇನ್ನೊಮ್ಮೆ ಹಾರ್ನ್ ಹೊಡೆಯಿತು, ಈ ಸಲ ಉದ್ದಕ್ಕೆ. "ಅಪ್ಪಾ!" ಎಂದು ಕೇಶರ ಕೂಗಿದ್ದು ಕೇಳಿತು. ರೊಕ್ಕ ಬರುವತನಕ ನರಸಿಂಗ ಅಲ್ಲಿಂದ ಕದಲುವವನಿರಲಿಲ್ಲ. ಮತ್ತೆ ಒಲೆಯ ಮುಂದೆ ಕುಳಿತು ಎರಡನೆಯ ಹಿಟ್ಟಿನ ಉಂಡೆ ತೆಗೆದುಕೊಂಡ.