ಕಾಲಿಗೂ ಒಂದು ಆಸನ

ಕಾಫಿ ಆಮೇಲೆ ಕುಡಿಯೋಣ ಹೈಮಾ, ನಾನು ಹೇಳಿದ್ದನ್ನು ನೀನು ಬರೆದುಕೋ. ಮೊದಲು ಸೂರ್ಯಕಾಂತಮ್ಮನವರ ಕಿವಿಯ ವಿಷಯ. ನನ್ನ ತಂಗಿ ಅನಸೂಯಾಳ ಅತ್ತೆ ಅವರು; ವಿಜಯವಾಡದಲ್ಲಿ, ಇಂದ್ರಕೀಲಾದ್ರಿಯ ಕೆಳಗಿನ ಓಣಿಯಲ್ಲಿ ಮನೆ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರೂ ಸರಿ, ಮುಂಬಾಗಿಲಲ್ಲಿ ಚಪ್ಪಲಿ ಹೊಸಿಲು ದಾಟಿದರೆ ಅವರಿಗೆ ಕೇಳಿಬಿಡುತ್ತಿತ್ತು. "ಎವರದಿ? ಚಪ್ಪಲಿ ಬಿಟ್ಟು ಬಾ!" ಎಂಬ ಅರ್ಧ ತೆಲುಗು ಅರ್ಧ ಕನ್ನಡದ ಕೂಗಿಗೆ ಅಂಚೆಯವನೂ ಅಳಿಯನೂ ಒಂದೇ ರೀತಿ ಬೆಚ್ಚುತ್ತಿದ್ದರು. ಎತ್ತರದ ಆಳು, ಸೊಂಟದಲ್ಲಿ ಬೀಗದಕೈ ಗೊಂಚಲು. ಅವರ ಕಪ್ಪು ಕಡಪ ಕಲ್ಲಿನ ನೆಲ ಬರಿಗಾಲನ್ನು ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ.

ಅನಸೂಯಾ ಇದ್ದದ್ದು ವಿಶಾಖಪಟ್ಟಣದಲ್ಲಿ. ಗಂಡ ಕಾಮೇಶ್ವರನಿಗೆ ಬಂದರಿನಲ್ಲಿ ಕೆಲಸ. ಎಂಬತ್ತರ ದಶಕದ ಆ ದಿನಗಳಲ್ಲಿ ಸಂಧಿವಾತ ಅವಳ ಕೈಬೆರಳುಗಳನ್ನು ಊದಿಸಿ, ಆಮೇಲೆ ಪಾದಕ್ಕಿಳಿದಿತ್ತು. ಬೆಳಿಗ್ಗೆ ಕಾಲು ಕೆಳಗಿಟ್ಟರೆ ಜಲ್ಲಿಕಲ್ಲಿನ ಮೇಲೆ ನಿಂತಂತೆ. ಡಾಕ್ಟರು ಮಾತ್ರೆಯ ಜೊತೆಗೆ ಪಾದದ ಅಳತೆ ತೆಗೆಸಿ, ಬೂಟಿನೊಳಗಿಡಲು ಮೃದುವಾದ ರಬ್ಬರಿನ ಮೆತ್ತೆ ಮಾಡಿಸಿಕೊಟ್ಟರು. ನೋಯುವ ಗೆಣ್ಣುಗಳ ಮೇಲೆ ಭಾರ ಬೀಳದಂತೆ ಬೆರಳುಗಳ ಹಿಂದೆ ಅದಕ್ಕೊಂದು ಸಣ್ಣ ಉಬ್ಬು. ಮನೆಯೊಳಗೂ ಬರಿಗಾಲಲ್ಲಿ ನಿಲ್ಲಬೇಡಿ ಎಂದಿದ್ದರು. ಸೀರೆಯ ನಿರಿಗೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಕಂಡು ನಾನು ನಕ್ಕರೆ, "ನಗು ಅಕ್ಕಾ, ನಗು. ಟೆನ್ನಿಸ್ ಆಡೋಕೆ ಹೊರಟಿದೀನಿ" ಎನ್ನುತ್ತಿದ್ದಳು. ಭೀಮುನಿಪಟ್ಟಣದ ಮರಳಲ್ಲೂ ಆ ಬೂಟಿನಲ್ಲೇ ನನ್ನ ಜೊತೆ ನಡೆದಳು. ಅಲ್ಲಿನ ಸಂಜೆಯ ಗಾಳಿ ಇದೆಯಲ್ಲ... ಇರಲಿ, ದಸರೆಗೆ ಬರುತ್ತೇನೆ.

ದಸರೆಯ ನೈವೇದ್ಯ ಅತ್ತೆಯ ಅಡುಗೆಮನೆಯಲ್ಲೇ ಆಗಬೇಕು, ಸೊಸೆಯ ಕೈಯಿಂದಲೇ ಆಗಬೇಕು. ಆ ವರ್ಷ ನಾನೂ ಹೋಗಿದ್ದೆ. ಅನಸೂಯಾ ಬೂಟನ್ನು ಜಗಲಿಯಲ್ಲಿ ಬಿಟ್ಟು, ಹಲ್ಲು ಕಚ್ಚಿಕೊಂಡು ಒಳಗೆ ನಡೆದಳು. "ಬೂಟಿಲ್ಲದೆ ನಿಲ್ಲೋಕಾಗಲ್ಲ ಅಂತ ಅತ್ತೆಗೆ ಗೊತ್ತಾದ್ರೆ ಒಲೆ ಹತ್ರ ಬಿಡಲ್ಲ. ಈ ಮನೇಲಿ ನನಗಿರೋದು ಅದೊಂದೇ ಜಾಗ ಅಕ್ಕಾ" ಎಂದಳು. ಹಿಂದಿನಿಂದ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಅನ್ನದ ತಪ್ಪಲೆ ಇಳಿಸುವಾಗ ಮಾತ್ರ ಗೋಡೆ ಹಿಡಿಯುತ್ತಿದ್ದಳು.

ಸೂರ್ಯಕಾಂತಮ್ಮನವರು ದೇವರ ಮನೆಯಲ್ಲಿ, ಇತ್ತ ಬೆನ್ನು ಹಾಕಿ ಹೂ ಕಟ್ಟುತ್ತಿದ್ದರು. ಕೈ ನಿಂತಿತು.

"ಅಮ್ಮಾಯೀ, ಎಡಗಾಲು ಯಾಕೆ ಎಳೀತಿದೀಯ?"

"ಇಲ್ಲವಲ್ಲ ಅತ್ತೆ."

"ನನ್ನ ಕಿವೀಗೆ ಸುಳ್ಳು ಹೇಳ್ತೀಯಾ?"

ಚಪ್ಪಲಿಗೆಂದೇ ಕಾದಿರುತ್ತದೆ ಎಂದು ನಾವು ನಗುತ್ತಿದ್ದ ಕಿವಿ ಅದು! ಅನಸೂಯಾ ಅಳುತ್ತಲೇ ಎಲ್ಲ ಹೇಳಿದಳು. ಬೂಟು ಬೇಡ, ಒಳಗಿನದನ್ನಷ್ಟೇ ತಾ ಎಂದು ಅವರು ನನ್ನನ್ನು ಕಳಿಸಿದರು. ತಂದುಕೊಟ್ಟ ಮೆತ್ತೆಯನ್ನು ಸಂತೆಯಲ್ಲಿ ಬದನೆಕಾಯಿ ನೋಡುವಂತೆ ಹಿಂದೆ ಮುಂದೆ ತಿರುಗಿಸಿ, ಮೂಸಿ, "ಚರ್ಮ ಉಂದಾ?" ಎಂದರು. ಬರೀ ರಬ್ಬರು ಎಂದೆ. ಅರಿಸಿನ ನೀರಿನಲ್ಲಿ ತೊಳೆದು ಒರೆಸಿದರು. ಆಮೇಲೆ ಬೀರು ತೆಗೆದ ಸದ್ದು, ರೇಷ್ಮೆ ಹರಿದ ಸದ್ದು. ತಮ್ಮ ಹಳೆಯ ಮಡಿಸೀರೆ, ಕುಂಕುಮದ ಬಣ್ಣದ್ದು. ಅದನ್ನೇ ಮೆತ್ತೆಗಳಿಗೆ ಗವಸಿನಂತೆ ಹೊಲಿದು, ಕಾಲಿಗೆ ಕಟ್ಟಲು ದಾರ ಸೇರಿಸಿ, "ನಿಲ್ಲು, ನೋಡೋಣ" ಎಂದರು. ಅನಸೂಯಾ ನಿಂತಳು. ಗೋಡೆ ಹಿಡಿಯಲಿಲ್ಲ.

ಪಕ್ಕದ ಮನೆಯ ಲಕ್ಷ್ಮೀಕಾಂತಮ್ಮ ಹಣಕಿ ನೋಡಿ, "ಏಮಿಟಿ ವದಿನಾ, ಅಡುಗೆಮನೇಲಿ ಚಪ್ಪಲಿ!" ಎಂದು ಬಾಯಿಗೆ ಸೆರಗು ಹಿಡಿದರು.

"ದೇವರ ಮುಂದೆ ಕೂರೋಕೆ ಆಸನ ಹಾಕ್ಕೊಳ್ತೀವಿ. ಆ ದೇವಿಗೋಸ್ಕರ ನಿಲ್ಲೋ ಕಾಲಿಗೆ ಬೇಡವಾ? ಇದು ಆಸನ. ಚಪ್ಪಲಿ ಅಂದೋರಿಗೆ ಈ ಮನೇಲಿ ಪುಳಿಹೊರ ಇಲ್ಲ!"

ಲಕ್ಷ್ಮೀಕಾಂತಮ್ಮ ಆಸನವೆಂದೇ ಒಪ್ಪಿಕೊಂಡು ಎರಡು ಸಲ ಬಡಿಸಿಕೊಂಡರು. ಅಂಥ ಪುಳಿಹೊರ, ಆ ಇಂಗಿನ ಘಮ, ನಿನಗೆ ಹೇಗೆ ಹೇಳಲಿ?

ನೋವೇನೂ ಮಾಯವಾಗಲಿಲ್ಲ ಮಗು, ಅದು ಹೋಗುವ ಕಾಯಿಲೆಯಲ್ಲ. ಆದರೆ ಸೂರ್ಯಕಾಂತಮ್ಮನವರು ಇರುವ ತನಕ ಆ ಒಲೆಯ ಮುಂದಿನ ಜಾಗ ಅನಸೂಯಾಳದ್ದೇ ಆಗಿತ್ತು. ರೇಷ್ಮೆಯ ಆ ಸದ್ದಿಲ್ಲದ ನಡಿಗೆಯೂ ಅವರಿಗೆ ಕೇಳುತ್ತಿತ್ತು. "ಅನಸೂಯಾ ಬಂದ್ಲು" ಎಂದು ಒಳಗಿಂದಲೇ ಹೇಳುತ್ತಿದ್ದರು. ಅಂಥ ಹಳೆಯ ಜೀವಗಳು ನಿಯಮ ಮುರಿಯುವುದಿಲ್ಲ ಹೈಮಾ. ತಮಗೆ ಬೇಕಾದವರು ಹೊರಗುಳಿದರೆಂದು ತಿಳಿದರೆ ಹೊಸಿಲನ್ನೇ ತುಸು ಆಚೆ ಸರಿಸುತ್ತಾರೆ. ಸರಿಸಿದೆನೆಂದು ಮಾತ್ರ ಸತ್ತರೂ ಒಪ್ಪುವುದಿಲ್ಲ.

ಬರೆದದ್ದು ಸಾಕು, ಏಳು. ಅನಸೂಯಾ ನಾಳೆ ಬರುತ್ತಾಳೆ. ಅವಳ ಮೆತ್ತೆಯ ಮೇಲಿನ ರೇಷ್ಮೆ ಮತ್ತೆ ಸವೆದಿದೆಯಂತೆ. ನನ್ನ ಪೆಟ್ಟಿಗೆಯ ತಳದಲ್ಲಿ ಆ ಕುಂಕುಮದ ಸೀರೆಯ ಕೊನೆಯ ತುಂಡಿದೆ, ಹಳೆಯ ಗವಸೂ ಇದೆ. ಎರಡನ್ನೂ ದರ್ಜಿಗೆ ಕೊಟ್ಟು, ಅದೇ ಅಳತೆಗೆ ಹೊಲಿಸಿಕೊಂಡು ಬಾ. ಹಳೆಯದರ ಹೊಲಿಗೆ ಬಿಚ್ಚಬಾರದು ಎನ್ನು. ಅದು ಅವರ ಕೈಯದ್ದು. ಮತ್ತೆ, ಚಪ್ಪಲಿಯನ್ನು ಹೊಸಿಲಿನಾಚೆ ಹೋಗಿ ಮೆಟ್ಟಿಕೋ.