ಸತ್ತವರ ಫೋಟೊ

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನವರು ಸತ್ತವರಿಗಾಗಿ ಹೇಗೆ ಅಳುತ್ತಿದ್ದರು ಎಂಬ ಉಸಾಬರಿ ಅಬುಧಾಬಿಯ ಖಾಲಿದಿಯಾದಲ್ಲಿರುವ ನಮ್ಮ ಫ್ಲ್ಯಾಟಿಗೆ ಏಕೆ ಬೇಕು, ಹೇಳಿ? ಆದರೆ ಒಂಬತ್ತನೇ ಕ್ಲಾಸಿನ ಮಗಳು ಅಶ್ಮಿತಾಳಿಗೆ ಅದೇ ಪ್ರಾಜೆಕ್ಟ್. ಭಾನುವಾರ ಉಂಡು ಅಡ್ಡಾಗೋಣವೆಂದರೆ ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲೇ ಕೂತಳು.

"ಪಪ್ಪಾ, ಗಂಡ ಸತ್ತರೆ ಎರಡು ವರ್ಷ ಕಪ್ಪು ಡ್ರೆಸ್ಸಂತೆ. ಸತ್ತವರ ಕೂದಲಲ್ಲಿ ಬ್ರೂಚ್ ಮಾಡಿ ಡ್ರೆಸ್ಸಿಗೆ ಚುಚ್ಚಿಕೊಳ್ತಿದ್ರಂತೆ. ಸೋ ವಿಯರ್ಡ್."

ನನ್ನ ನಿದ್ದೆ ಹಾರಿತು. ನಮ್ಮಲ್ಲಿ ಉಳಿದವರು ತಲೆ ಬೋಳಿಸಿಕೊಳ್ಳುತ್ತಾರೆ, ಅವರಲ್ಲಿ ಸತ್ತವರ ಕೂದಲಿಗೇ ಕತ್ತರಿ. ಮತ್ತೇನಿದೆ ಎಂದು ನಾನೇ ಕೇಳಿದೆ.

"ಹೆಣದ ಫೋಟೊ ತೆಗೆಸಿ ಇಟ್ಕೊಳ್ತಿದ್ರು. ಎಷ್ಟೋ ಜನರದ್ದು ಅದೊಂದೇ ಫೋಟೊ."

"ನೋಡ್ಲಿಕ್ಕೆ ಹೆದರಿಕೆ ಆಗ್ತಿರಲಿಲ್ವಾ?"

"ನಿಮಗೆ ಆಗ್ತದಾ? ನಿಮ್ಮ ಫೋನಲ್ಲಿ ಅಜ್ಜಿಯ ವಿಡಿಯೊ ಉಂಟಲ್ಲ."

ಕಾರ್ಕಳದಲ್ಲಿ ಅಮ್ಮ ತೀರಿಕೊಂಡು ಏಳು ತಿಂಗಳು. ಆಗ ನಾನು ಕೆಲಸ ಬದಲಿಸಿದ್ದೆ, ಹೊಸ ವೀಸಾ ಆಗುವವರೆಗೆ ದೇಶ ಬಿಡುವಂತಿರಲಿಲ್ಲ. ತಮ್ಮ ರಂಜಿತ್ ವಿಡಿಯೊ ಕಾಲ್ ಮಾಡಿದ. ಬಾಯಿಗೆ ತುಳಸಿ ನೀರು ಬಿಡುವ ಹೊತ್ತಿಗೆ ಫೋನನ್ನು ಅಮ್ಮನ ಮುಖದ ಹತ್ತಿರ ಒಯ್ದ. ನನ್ನಿಂದಾಗಲಿಲ್ಲ. ಕಾಲ್ ಕಟ್ ಮಾಡಲೂ ತೋಚದೆ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಕೂತುಬಿಟ್ಟೆ. ನೆಟ್ ಹೋಗಿತ್ತು ಎಂದು ಆಮೇಲೆ ಸುಳ್ಳು ಹೇಳಿದೆ. ಪಾಪ ಅಣ್ಣ ನೋಡಲಿ ಎಂದು ಅಲ್ಲಿ ಯಾರೋ ತೆಗೆದಿದ್ದ ವಿಡಿಯೊವನ್ನು ಅವನು ಕಳಿಸಿಕೊಟ್ಟ.

"ಅದನ್ನು ನಾನು ನೋಡಿಯೇ ಇಲ್ಲ," ಎಂದೆ.

"ವೈ?"

"ಮೊದಲ ನೀರು ಹಿರಿಯ ಮಗನದ್ದು. ನಾನಿಲ್ಲದೆ ಅದು ಮುಗಿದದ್ದನ್ನು ಯಾವ ಮುಖದಲ್ಲಿ ನೋಡುವುದು?"

"ನಾನೂ ಕೂರ್ತೇನೆ. ಹಾಕಿ."

ಹಾಕಿದೆ. ಯಾರದೋ ಮೊಣಕೈ, ಯಾರದೋ ಬಿಕ್ಕು. ಮತ್ತೆ ಅಮ್ಮ. ಹಣೆಗೆ ಗಂಧ, ತುಸು ಬಿಗಿದ ತುಟಿ; ಮೀನು ಹಳಸಲಾದಾಗ ಮಾಡುತ್ತಿದ್ದ ಅದೇ ಮುಖ. ಹೆದರುವಂಥದ್ದೇನೂ ಇರಲಿಲ್ಲ. ನೋಡಿದಷ್ಟೂ ಸಾಲದೆನಿಸಿತು.

ರಂಜಿತ್ ಒಂದು ಕೈಯಲ್ಲಿ ಫೋನ್ ಹಿಡಿದು ಮುಂದೆ ಬಂದ. ಅದರ ಪರದೆ ಕಪ್ಪಾಗಿತ್ತು. ಆ ಫೋನನ್ನು ನೀರಿನ ತಂಬಿಗೆಗೆ ಮುಟ್ಟಿಸಿ, ತುಳಸಿ ಅದ್ದಿ, ಅಮ್ಮನ ತುಟಿಯ ಮೇಲೆ ಹನಿಸಿದ. "ಅಮ್ಮಾ, ಉಂದು ಅಣ್ಣನ ನೀರ್," ಎಂದ. ಇದು ಅಣ್ಣನ ನೀರು.

"ಫೋನ್ ಕಟ್ ಆಗಿದೆಯಲ್ಲ," ಎಂದರು ಯಾರೋ.

"ಇಲ್ಲ, ಅಣ್ಣ ಇದ್ದಾನೆ. ಅಳುವುದು ಕೇಳ್ತದೆ."

ಅಶ್ಮಿತಾ ನನ್ನ ತೋಳು ಹಿಡಿದುಕೊಂಡಳು. ಅವಳೆದುರೇ ತಮ್ಮನಿಗೆ ಫೋನ್ ಮಾಡಿದೆ.

"ರಂಜಿತ್, ಆವತ್ತು ನೆಟ್ ಇತ್ತು ಮಾರಾಯ."

"ಗೊತ್ತುಂಟು ಅಣ್ಣ," ಎಂದ ಅವನು.