ಬೂದನಿಗೊಂದು ಜೊತೆ

ಕರ್ ಕರ್ ಅಂತ ಮತ್ತೆ ಗೂಡಿನ ಕಂಬಿ ಕಚ್ಚುತ್ತಿದ್ದಾನೆ, ಹೊಲಿಗೆ ಯಂತ್ರದ ಸದ್ದಿನ ನಡುವೆಯೂ ಅವಳ ಕಿವಿಗೆ ಅದೊಂದೇ ಬೀಳುತ್ತಿದೆ, ಯಾರದೋ ಕೋಟಿನ ತೋಳು ಸೂಜಿಯ ಕೆಳಗೆ ಇನ್ನೂ ಅರ್ಧವೇ ಆಗಿದೆ — ಬೂದ, ಮಗಳು ಹಾಸ್ಟೆಲಿಗೆ ಹೋಗುವಾಗ ಇವಳ ಮಡಿಲಿಗೆ ಹಾಕಿ ಹೋದ ಚಿಂಚಿಲಾ, ಅಳಿಲಿನ ಬಾಲ, ಮೊಲದ ಮೈ, ಒಂದು ಬೊಗಸೆ ಜೀವ, ಗೂಡಿನಲ್ಲಿ ಜೊತೆಗಿದ್ದ ಒಡಹುಟ್ಟಿದವನು ಸತ್ತಾಗಿನಿಂದ ಹುಲ್ಲು ಸರಿಯಾಗಿ ಮುಟ್ಟುತ್ತಿಲ್ಲ, ಇನ್ನೊಂದು ತಂದ್ಬಿಡಮ್ಮಾ, ಒಬ್ನೇ ಕೊರಗಿ ಸಾಯ್ತಾನೆ, ಮಗಳು ಫೋನಿನಲ್ಲಿ ಅತ್ತಿದ್ದಳು, ಆತುರ ಬೇಡ, ಗೂಡು ಪಕ್ಕಪಕ್ಕ ಇಟ್ಟು ವಾರಗಟ್ಟಲೆ ಕಾಯಿರಿ, ಹೊಂದದಿದ್ರೆ ಕಚ್ಚಿ ಕೊಂದೇಬಿಡ್ತವೆ ಅಂದಿದ್ದರು ಪ್ರಾಣಿವೈದ್ಯರು, ಇಟ್ಟು ನೋಡಿ ಅಂತ ಹೊಸದೊಂದನ್ನು ತಂದುಕೊಟ್ಟ ಅಂಗಡಿಯವನಿಗೆಲ್ಲಿದೆ ಅಷ್ಟು ತಾಳ್ಮೆ, ಮೂರೇ ದಿನ ಅಕ್ಕಾ ಅಂದಿದ್ದ, ಬೆಳಿಗ್ಗೆಯೇ ಫೋನು, ಇವತ್ತು ಐದಕ್ಕೆ ಬರ್ತೀನಿ, ಇಟ್ಕೊಳ್ತೀರೋ ವಾಪಸ್ ಕೊಡ್ತೀರೋ ಹೇಳ್ಬಿಡಿ, ಈಗಾಗಲೇ ನಾಲ್ಕೂವರೆ, ಪಕ್ಕದ ಗೂಡಿನಲ್ಲಿ ಬೆಳ್ಳನೆಯ ಹೊಸಬ ಮೂಲೆ ಸೇರಿ ಕೂತಿದ್ದಾನೆ, ಜೊತೆ ಅಂದರೆ ಸುಮ್ಮನೆಯೇ, ಗಂಡ ತೀರಿಕೊಂಡ ವರ್ಷ ಇವಳಿಗೂ ಜೊತೆಗಿರಲಿ ಅಂತ ನೆಂಟರು ನಾದಿನಿಯನ್ನು ತಂದು ಬಿಟ್ಟಿದ್ದರಲ್ಲ, ಉಪ್ಪಿನ ಡಬ್ಬಿ ಜರುಗಿಸಿದ್ದು ಯಾರು ಅಂತ ಆರು ತಿಂಗಳು ಇಬ್ಬರೂ ಮುಖ ಊದಿಸಿಕೊಂಡು ಓಡಾಡಿದ್ದು, ಅವಳು ಹೊರಟುಹೋದ ದಿನ ಡಬ್ಬಿ ಇಟ್ಟಲ್ಲೇ ಇತ್ತು, ಮನೆ ಬಿಕೋ ಅನ್ನುತ್ತಿತ್ತು — ನೋಡೇಬಿಡೋಣ, ಏನಾಗುತ್ತೋ ಆಗಲಿ, ಎರಡೂ ಗೂಡಿನ ಬಾಗಿಲು ತೆಗೆಯುತ್ತಾಳೆ, ಬೂದ ಹೊರಬರುತ್ತಾನೆ, ಹೊಸಬ ಒಂದು ಹೆಜ್ಜೆ, ಇನ್ನೊಂದು, ಮೂತಿಗೆ ಮೂತಿ, ಅಷ್ಟರಲ್ಲಿ ಕಿರ್ರನೆ ಕೂಗು, ನೆಲದ ಮೇಲೆ ಎರಡೂ ಒಂದೇ ಉಂಡೆ, ಕೈ ಹಾಕಬೇಡಿ ಅಂದಿದ್ದರು ವೈದ್ಯರು, ಹಾಕಿಯೇಬಿಟ್ಟಳು, ಹೆಬ್ಬೆರಳಿಗೆ ಹಲ್ಲು ನಾಟಿತು, ಸಿಕ್ಕಿದ್ದನ್ನು ಹಿಡಿದೆಳೆದಳು, ಹೊಸಬ ಜಾರಿಕೊಂಡು ತನ್ನ ಗೂಡಿಗೇ ಓಡಿದ, ಪುಣ್ಯಕ್ಕೆ ಎರಡಕ್ಕೂ ಗಾಯವಿಲ್ಲ, ರಕ್ತವೆಲ್ಲ ಇವಳದೇ.

ಐದಕ್ಕೆ ಸರಿಯಾಗಿ ಕರೆಗಂಟೆ, ಏನಕ್ಕಾ, ಹೊಂದ್ಕೊಂಡ್ವಾ, ಇಲ್ಲಪ್ಪಾ, ತಗೊಂಡ್ಹೋಗು, ನನ್ನ ಕೈಲಾಗಲ್ಲ, ಬಾಗಿಲು ಮುಚ್ಚಿತು, ಮೆಟ್ಟಿಲಲ್ಲಿ ಗೂಡಿನ ಗಡಗಡ ಇಳಿಯುತ್ತಾ ಇಳಿಯುತ್ತಾ ದೂರವಾಯಿತು, ಸರಿಯಾಗಿಯೇ ಮಾಡಿದೆ, ಕೊಂದುಕೊಂಡಿದ್ದರೆ ಮಗಳಿಗೆ ಯಾವ ಮುಖ ತೋರಿಸುವುದಿತ್ತು, ಸರಿಯಾಗಿಯೇ, ಮುಷ್ಟಿ ಯಾಕೆ ಇನ್ನೂ ಬಿಗಿದೇ ಇದೆ, ನೆಲದ ಮೇಲೆ ಕೂತು ಬಿಚ್ಚಿದರೆ ಹೊಸಬನ ಬಿಳಿ ಕೂದಲು, ಹಿಡಿದೆಳೆದಾಗ ಕಳಚಿ ಬಂದದ್ದು, ಒಂದು ಹಿಡಿ, ಬೂದ ಮೆಲ್ಲನೆ ಬಂದು ಮುಂಗಾಲೆರಡನ್ನೂ ಅಂಗೈ ಮೇಲೆ ಊರುತ್ತಾನೆ, ಮೂಸುತ್ತಾನೆ, ತಲೆಯೆತ್ತಿ ಮುಚ್ಚಿದ ಬಾಗಿಲ ಕಡೆ ನೋಡುತ್ತಾನೆ, ಮತ್ತೆ ಬಗ್ಗಿ ಮೂಸುತ್ತಾನೆ, ಅವಳಿಗೆ ಬೆರಳು ಮಡಚಲಾಗುತ್ತಿಲ್ಲ, ಬಿಳಿ ಕೂದಲು, ಅದರೊಳಗೆ ಹುದುಗಿದ ಬೂದು ಮೂತಿ, ಬಿಳಿ ಕೂದಲು —